ಹಾರ್ಮೋನ್ ಗುಳಿಗೆ ನುಂಗುತ್ತಿದ್ದರೆ ವಂಕಿ ಬೇಡವೇ?

ಹೋದ ಶ್ರಾವಣದಲ್ಲಿ ಗದಗದಿಂದ ನಮ್ಮ ವೈನಿ ಹುಬ್ಬಳ್ಳಿಗೆ ಬಂದಿದ್ದರು. ಊಟ ಮುಗಿದು ಅಡುಗೆಮನೆಯಲ್ಲಿ ಇಬ್ಬರೂ ಪಾತ್ರೆ ಎತ್ತಿಡುತ್ತಿದ್ದೆವು. ಅಣ್ಣ ಟಿವಿ ಮುಂದೆ ಕೂತಿದ್ದು ಖಾತ್ರಿಯಾದ ಮೇಲೆ ವೈನಿ ಪರ್ಸ್ ತೆರೆದು ಗುಳಿಗೆಯ ಎರಡು ಪಟ್ಟಿ ತೆಗೆದು ಕಟ್ಟೆಯ ಮೇಲಿಟ್ಟರು. ದನಿ ತಗ್ಗಿಸಿ ಕೇಳಿದರು: "ಅಲ್ಲಾ, ದಿನಾ ಹಾರ್ಮೋನ್ ಗುಳಿಗಿ ನುಂಗಾಕತ್ತೇನಲ್ಲ, ಮತ್ತ ವಂಕಿ ಯಾಕ ಬೇಕ?" ವಂಕಿ ಅಂದರೆ ಬಸಿರು ತಡೆಯಲು ಗರ್ಭಕೋಶದೊಳಗೆ ಕೂರಿಸುವ ಪುಟ್ಟ ಸಾಧನ, ಕಾಪರ್ ಟಿ ಅದರಲ್ಲೊಂದು.

ವೈನಿಗೆ ಆಗ 47. ಒಂದು ವರ್ಷದಿಂದ ಮುಟ್ಟು ಲೆಕ್ಕ ತಪ್ಪಿತ್ತು. ಒಮ್ಮೆ ಎರಡು ತಿಂಗಳಿಗೆ, ಒಮ್ಮೆ ಇಪ್ಪತ್ತೇ ದಿನಕ್ಕೆ. ರಾತ್ರಿ ಎರಡು ಗಂಟೆಗೆ ಮೈಯೆಲ್ಲ ಬೆವೆತು ಎದ್ದು ಕೂರುತ್ತಿದ್ದರು. ದವಾಖಾನೆಗೆ ಹೋದಾಗ ಡಾಕ್ಟರು ಎಲ್ಲ ತಪಾಸಣೆ ಮಾಡಿ ಎಚ್‌ಆರ್‌ಟಿ, ಅಂದರೆ ಕಡಿಮೆಯಾದ ಹಾರ್ಮೋನನ್ನು ಹೊರಗಿನಿಂದ ಕೊಡುವ ಚಿಕಿತ್ಸೆ, ಶುರು ಮಾಡಿದ್ದರು. ಐದು ತಿಂಗಳಲ್ಲಿ ನಿದ್ದೆ ಮರಳಿತ್ತು. ಅಷ್ಟರಲ್ಲಿ 37ನೇ ವಯಸ್ಸಿನಲ್ಲಿ ಹಾಕಿಸಿಕೊಂಡ ಹತ್ತು ವರ್ಷದ ಕಾಪರ್ ಟಿ ಅವಧಿ ಮುಗಿಯಿತು. ತೆಗೆಸಿದರು. ಡಾಕ್ಟರು "ಇನ್ನೊಂದು ಹಾಕಿಸಿಕೊಳ್ಳಿ, ಇಲ್ಲಾ ಬೇರೆ ಏನಾದರೂ ಬಳಸಿ" ಅಂದರು. ಆದರೆ ಔಷಧದ ಅಂಗಡಿಯವನು "ಇದೂ ಹಾರ್ಮೋನ್, ಅದೂ ಹಾರ್ಮೋನ್, ಮತ್ತೇನೂ ಬೇಕಾಗಿಲ್ರಿ" ಅಂದುಬಿಟ್ಟ. ಓಣಿಯ ಹಿರಿಯರೊಬ್ಬರು "ಈ ವಯಸ್ಸಿಗೆ ಯಾವ ಬಸಿರವಾ" ಎಂದು ನಕ್ಕರು.

ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಈ ಪ್ರಶ್ನೆ ನನಗೆ ಹೊಸದಲ್ಲ. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಬೇಕು. ಎಚ್‌ಆರ್‌ಟಿ ಗರ್ಭ ನಿಲ್ಲುವುದನ್ನು ತಡೆಯುವುದಿಲ್ಲ. ಆದರೆ ಅಂಗಡಿಯವನ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗೂ ಇಲ್ಲ. ಎರಡೂ ಹಾರ್ಮೋನೇ ಅನ್ನುವುದು ನಿಜವೇ. ಹಾಗಿದ್ದರೆ ಒಂದು ತಡೆಯುತ್ತದೆ, ಇನ್ನೊಂದು ಯಾಕೆ ತಡೆಯುವುದಿಲ್ಲ?

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ನೀರಿನ ಲೆಕ್ಕದಲ್ಲಿ ಹೇಳುವುದು ಸುಲಭ. ಸವದತ್ತಿಯ ಕಡೆಯಿಂದ ಮಲಪ್ರಭೆ ನೀರು ಅಮ್ಮಿನಬಾವಿಗೆ ಬಂದು, ಅಲ್ಲಿ ಶುದ್ಧವಾಗಿ ನಮ್ಮ ಓಣಿಗಳಿಗೆ ಬರುತ್ತದೆ. ಯಾವ ಓಣಿಗೆ ಯಾವಾಗ ಅನ್ನುವುದು ವಾಲ್ವ್ ತಿರುಗಿಸುವವನ ಕೈಯಲ್ಲಿ. ನಮ್ಮ ಮೈಯಲ್ಲೂ ಅಂಥ ಒಬ್ಬ ವಾಲ್ವ್‌ಮನ್ ಇದ್ದಾನೆ. ಮಿದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟೇ ದೊಡ್ಡದಾದ ಪಿಟ್ಯುಟರಿ ಗ್ರಂಥಿ. ಅದು ಎಫ್‌ಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಅಂಡಾಶಯಕ್ಕೆ "ಕೆಲಸ ಶುರು ಮಾಡು" ಅನ್ನುತ್ತದೆ. ಅಂಡಾಶಯ ಒಂದು ಮೊಟ್ಟೆ ಬೆಳೆಸುತ್ತದೆ, ಜೊತೆಗೆ ಈಸ್ಟ್ರೋಜೆನ್ ಎಂಬ ಹಾರ್ಮೋನ್ ಸುರಿಸುತ್ತದೆ. ಟಾಕಿ ತುಂಬುತ್ತ ಬಂತು ಅನ್ನಿಸಿದಾಗ ವಾಲ್ವ್‌ಮನ್ ತಿರುಪು ಬಿಗಿ ಮಾಡುತ್ತಾನೆ.

ಮುಟ್ಟು ನಿಲ್ಲುವ ಹೊತ್ತಿಗೆ ಈ ನಳದ ಪಾಳಿ ಕೆಡುತ್ತದೆ. ಅಂಡಾಶಯದಲ್ಲಿ ಮೊಟ್ಟೆಗಳು ಕಡಿಮೆಯಾಗಿವೆ, ಮಾತು ಕೇಳುತ್ತಿಲ್ಲ. ವಾಲ್ವ್‌ಮನ್ ಇನ್ನೂ ಜೋರಾಗಿ ತಿರುಗಿಸುತ್ತಾನೆ. ಎರಡು ತಿಂಗಳು ಹನಿ ನೀರಿಲ್ಲ. ಆಮೇಲೊಂದು ದಿನ ಯಾರೂ ಎಣಿಸದ ಹೊತ್ತಿನಲ್ಲಿ, ನಡುರಾತ್ರಿ, ನಳ ಬುಸುಗುಟ್ಟಿಕೊಂಡು ಬರುತ್ತದೆ. ಹುಬ್ಬಳ್ಳಿಯಲ್ಲಿ ಬಾಳ್ವೆ ಮಾಡಿದವರಿಗೆ ಆ ಸದ್ದು ಗೊತ್ತು. ಹಾಗೆ ಬಂದದ್ದೇ ಆ ತಿಂಗಳ ಮೊಟ್ಟೆ.

ಎಚ್‌ಆರ್‌ಟಿ ಅನ್ನುವುದು ಟ್ಯಾಂಕರ್. ನಳ ನೆಚ್ಚಿಕೊಳ್ಳುವ ಹಾಗಿಲ್ಲ, ಮನೆ ನಡೆಯಬೇಕು, ಅದಕ್ಕೆ ಹೊರಗಿನಿಂದ ಒಂದಷ್ಟು ನೀರು ಹಾಕಿಸಿಕೊಂಡೆವು. ಮೈ ಕಾಯುವುದು ನಿಂತಿತು, ನಿದ್ದೆ ಬಂತು, ಮೂಳೆಗೂ ಒಳ್ಳೆಯದಾಯಿತು. ಆದರೆ ಟ್ಯಾಂಕರ್ ತರಿಸಿದ ಮಾತ್ರಕ್ಕೆ ಅಮ್ಮಿನಬಾವಿಯಲ್ಲಿ ಯಾರೂ ವಾಲ್ವ್‌ಗೆ ಕೀಲಿ ಹಾಕುವುದಿಲ್ಲವಲ್ಲ! ನಳ ಬರುವುದಿದ್ದರೆ ಬಂದೇ ಬರುತ್ತದೆ. ಗರ್ಭನಿರೋಧಕ ಗುಳಿಗೆ ಮಾಡುವುದು ಆ ಕೀಲಿ ಹಾಕುವ ಕೆಲಸ. ದಿನಾ ಬಿಡದೆ, ವಾಲ್ವ್‌ಮನ್ ಪೂರ್ತಿ ಸುಮ್ಮನಾಗುವಷ್ಟು ಬಲವಾಗಿ ಹಾರ್ಮೋನ್ ಕೊಟ್ಟು, ಮೊಟ್ಟೆ ಹೊರಬೀಳದ ಹಾಗೆ ನೋಡಿಕೊಳ್ಳುತ್ತದೆ.

ಇಲ್ಲಿ ಒಂದು ತಮಾಷೆ ಇದೆ, ಅದರಿಂದಲೇ ಅರ್ಧ ಗೊಂದಲ. ವೈನಿಯ ಪಟ್ಟಿಯ ಹಿಂದೆ ಎಸ್ಟ್ರಾಡಿಯೋಲ್ 2 ಮಿಲಿಗ್ರಾಂ ಎಂದು ಬರೆದಿತ್ತು. ಅದು ಒಂದು ಬಗೆಯ ಈಸ್ಟ್ರೋಜೆನ್. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುವ ಮಾಲಾ-ಎನ್ ಎಂಬ ಗರ್ಭನಿರೋಧಕ ಗುಳಿಗೆ ತೆಗೆದು ನೋಡಿ. ಅದರಲ್ಲಿ ಈಸ್ಟ್ರೋಜೆನ್ ಇರುವುದು 0.03 ಮಿಲಿಗ್ರಾಂ. ಅಂಕಿ ನೋಡಿದವರು ವೈನಿಯ ಗುಳಿಗೆಯೇ ಹತ್ತಾರು ಪಟ್ಟು ಜೋರು ಅಂದುಕೊಳ್ಳುತ್ತಾರೆ. ನಿಜ ತಿರುವುಮುರುವು. ಎಚ್‌ಆರ್‌ಟಿಯಲ್ಲಿರುವುದು ನಮ್ಮ ಮೈಯೇ ಮಾಡಿಕೊಳ್ಳುವಂಥ ಎಸ್ಟ್ರಾಡಿಯೋಲ್. ಗುಳಿಗೆ ನುಂಗಿದರೆ ಅದರ ಬಹುಪಾಲು ಕರುಳು, ಯಕೃತ್ತು ದಾಟುವಷ್ಟರಲ್ಲೇ ಸೋರಿಹೋಗುತ್ತದೆ. ಮಾಲಾ-ಎನ್‌ನಲ್ಲಿರುವುದು ಎಥಿನೈಲ್ ಎಸ್ಟ್ರಾಡಿಯೋಲ್, ಸುಲಭವಾಗಿ ಒಡೆಯದ ಹಾಗೆ ಪ್ರಯೋಗಶಾಲೆಯಲ್ಲಿ ಗಟ್ಟಿ ಮಾಡಿದ್ದು. ಬ್ಯಾಡಗಿ ಮೆಣಸಿನಕಾಯಿ ಹಿಡಿ ತುಂಬ ಹಾಕಿದರೂ ಸಾರು ಕೆಂಪಾಗುತ್ತದೆಯೇ ಹೊರತು ಖಾರ ಅಷ್ಟಕ್ಕಷ್ಟೇ. ಗುಂಟೂರು ಕಾಯಿ ನಾಲ್ಕೇ ಸಾಕು. ಅದೂ ಅಲ್ಲದೆ, ಮೊಟ್ಟೆಯನ್ನು ತಡೆಯುವ ಹೆಚ್ಚಿನ ಕೆಲಸ ಈಸ್ಟ್ರೋಜೆನ್‌ದಲ್ಲ. ಅದರ ಜೊತೆಗಿರುವ ಇನ್ನೊಂದು ಹಾರ್ಮೋನಿನದು, 0.15 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್‌ದು. ಎಚ್‌ಆರ್‌ಟಿಯಲ್ಲೂ ಅದೇ ಜಾತಿಯ ಇನ್ನೊಂದು ಗುಳಿಗೆ ಕೊಡುತ್ತಾರೆ, ಆದರೆ ಅದು ಗರ್ಭಕೋಶದ ಒಳಪದರ ವಿಪರೀತ ಬೆಳೆಯದಂತೆ ಕಾಯಲಿಕ್ಕೆ. ಅಷ್ಟಕ್ಕೆ ಬೇಕಾದಷ್ಟೇ ಪ್ರಮಾಣ. ಹಲವರಿಗೆ ತಿಂಗಳಲ್ಲಿ 12ರಿಂದ 14 ದಿನ ಮಾತ್ರ.

ಅಂಟಿಸುವ ಪ್ಯಾಚ್, ತೋಳಿಗೆ ಹಚ್ಚುವ ಜೆಲ್, ಯೋನಿ ಒಣಗಿದ್ದಕ್ಕೆ ಹಚ್ಚುವ ಕ್ರೀಮು, ಟಿಬೊಲೋನ್ ಎಂಬ ಹಾರ್ಮೋನ್ ಗುಳಿಗೆ, ಇವು ಯಾವುವೂ ಗರ್ಭ ತಡೆಯುವುದಿಲ್ಲ.

"ಆತು, ಆದ್ರ ನನಗ ತಿಂಗಳಾ ತಿಂಗಳಾ ಮುಟ್ಟ ಬರಾಕತ್ತೇತಲ್ಲ. ಏನಾರ ಆದ್ರ ಗೊತ್ತಾಗ್ತೇತಿ" ಅಂದರು ವೈನಿ. ನನಗೆ ಹೆಚ್ಚು ದಿಗಿಲು ಹುಟ್ಟಿಸಿದ್ದು ಈ ಮಾತೇ. ಮುಟ್ಟು ಇನ್ನೂ ಪೂರ್ತಿ ನಿಲ್ಲದವರಿಗೆ ಕೊಡುವ ಎಚ್‌ಆರ್‌ಟಿಯಲ್ಲಿ ಎರಡನೇ ಗುಳಿಗೆ ಮುಗಿದ ಮೇಲೆ ರಕ್ತಸ್ರಾವ ಆಗುತ್ತದೆ. ಅದು ಗುಳಿಗೆ ತರಿಸಿದ ಸ್ರಾವ. ಕ್ಯಾಲೆಂಡರ್ ಹಿಡಿದು ಬರುವುದರಿಂದ ಮುಟ್ಟು ಮತ್ತೆ ಸರಿಹೋಯಿತು ಅನ್ನಿಸುತ್ತದೆ. ಒಳಗೆ ಮೊಟ್ಟೆ ಬಿಡುಗಡೆಯಾಯಿತೋ ಇಲ್ಲವೋ ಅನ್ನುವುದನ್ನು ಅದು ಹೇಳುವುದಿಲ್ಲ. ಬಸಿರಿಲ್ಲ ಅನ್ನುವುದಕ್ಕೂ ಅದು ಗಟ್ಟಿ ಸಾಕ್ಷಿಯಲ್ಲ.

ಇದರಿಂದ ಇನ್ನೊಂದು ತೊಡಕು. ಸತತ 12 ತಿಂಗಳು ಮುಟ್ಟು ಬರದಿದ್ದರೆ ಮುಟ್ಟು ನಿಂತಿತು ಅನ್ನುತ್ತೇವೆ. ಗುಳಿಗೆಯೇ ತಿಂಗಳಿಗೊಮ್ಮೆ ಸ್ರಾವ ತರಿಸುತ್ತಿದ್ದರೆ ಆ 12 ತಿಂಗಳನ್ನು ಎಲ್ಲಿಂದ ಎಣಿಸುವುದು? ರಕ್ತಪರೀಕ್ಷೆ ಇದೆಯಲ್ಲ, ಎಫ್‌ಎಸ್‌ಎಚ್ ನೋಡಿದರಾಯಿತು ಅನ್ನುವವರಿದ್ದಾರೆ. ಮುಟ್ಟು ನಿಂತ ಮೇಲೆ ಎಫ್‌ಎಸ್‌ಎಚ್ ಏರಿರುತ್ತದೆ ಅನ್ನುವುದು ನಿಜ. ಆದರೆ ಎಚ್‌ಆರ್‌ಟಿ ತೆಗೆದುಕೊಳ್ಳುತ್ತಿರುವವರಲ್ಲಿ ಟ್ಯಾಂಕರ್ ನೀರು ನೋಡಿ ವಾಲ್ವ್‌ಮನ್ ತಿರುಪನ್ನು ಒಂದಿಷ್ಟು ಬಿಗಿ ಮಾಡಿರುತ್ತಾನೆ. ವರದಿಯ ಅಂಕಿ ನಂಬಿಕೆಗೆ ಬಾರದು. ಎಚ್‌ಆರ್‌ಟಿ ಇಲ್ಲದವರಲ್ಲೂ ಈ ಹೊತ್ತಿನಲ್ಲಿ ಅದು ಇವತ್ತು ಏರಿ ಮುಂದಿನ ತಿಂಗಳು ಇಳಿಯಬಹುದು. ಸಾವಿರಾರು ರೂಪಾಯಿಯ ಹಾರ್ಮೋನ್ ಪ್ಯಾಕೇಜ್ ಮಾಡಿಸಿ "ರಿಪೋರ್ಟ್ ಬಂದೇತಿ, ಇನ್ನ ಚಿಂತಿಲ್ಲ" ಅಂದವರನ್ನು ನೋಡಿದ್ದೇನೆ. ಆ ರೊಕ್ಕ ಸುಮ್ನೆ ದಂಡ.

ಹಾಗಾದರೆ ಎಲ್ಲಿಯವರೆಗೆ? ಬ್ರಿಟನ್ನಿನ ಸಂತಾನ ಆರೋಗ್ಯ ತಜ್ಞರು ಹಾಕಿಕೊಂಡ ಲೆಕ್ಕವನ್ನೇ ಬಹಳ ಕಡೆ ಅನುಸರಿಸುತ್ತಾರೆ. ಹಾರ್ಮೋನಿನ ಯಾವ ಔಷಧವೂ ಇಲ್ಲದೆ ಮುಟ್ಟು ನಿಂತಿದ್ದರೆ, 50 ದಾಟಿದವರು ಕೊನೆಯ ಮುಟ್ಟಿನಿಂದ ಇನ್ನೊಂದು ವರ್ಷ ಗರ್ಭನಿರೋಧಕ ಬಳಸಬೇಕು. 50 ಆಗದವರು ಎರಡು ವರ್ಷ. ಎರಡು ಯಾಕೆಂದರೆ, ಆ ವಯಸ್ಸಿನಲ್ಲಿ ವರ್ಷಗಟ್ಟಲೆ ಬಂದ್ ಆಗಿದ್ದ ನಳ ಮತ್ತೊಮ್ಮೆ ಬರುವ ಸಾಧ್ಯತೆ ಜಾಸ್ತಿ. ಎಚ್‌ಆರ್‌ಟಿ ಶುರುವಾಗುವ ಮೊದಲೇ ಮುಟ್ಟು ನಿಂತಿದ್ದರೆ ಈ ಲೆಕ್ಕವನ್ನು ಆ ಕೊನೆಯ ಮುಟ್ಟಿನಿಂದಲೇ ಹಾಕಬಹುದು. ವೈನಿಯ ಹಾಗೆ ಮುಟ್ಟು ಏರುಪೇರಾಗಿದ್ದಾಗಲೇ ಶುರು ಮಾಡಿದವರಿಗೆ ಎಣಿಸಲು ಬುಡವೇ ಇಲ್ಲ. ಅವರಿಗೆ ಸುಲಭದ ಗಡಿ 55. ಆ ವಯಸ್ಸಿಗೆ ಸಹಜವಾಗಿ ಗರ್ಭ ನಿಲ್ಲುವುದು ತೀರಾ ಅಪರೂಪ, ಹಾಗಾಗಿ ನಿಲ್ಲಿಸಬಹುದು ಅನ್ನುತ್ತಾರೆ.

ನಮ್ಮ ದೇಶದಲ್ಲಿ ಹೆಂಗಸರ ಮುಟ್ಟು ಸರಾಸರಿ 46-47ರ ಸುಮಾರಿಗೆ ನಿಲ್ಲುತ್ತದೆ, ಬ್ರಿಟನ್ನಿನಲ್ಲಿ 51. ಅವರ ಲೆಕ್ಕ ನಮಗ್ಯಾಕೆ ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಸರಾಸರಿ ಅನ್ನುವುದು ನಿಮ್ಮ ಮೈಯ ತಾರೀಕಲ್ಲ. ನಮ್ಮ ಓಣಿಯಲ್ಲೇ 42ಕ್ಕೆ ನಿಂತವರೂ ಇದ್ದಾರೆ, 53ಕ್ಕೂ ಬರುತ್ತಿರುವವರೂ ಇದ್ದಾರೆ. ನೀವು ಯಾವ ಗುಂಪಿನವರು ಅನ್ನುವುದು ನಿಂತ ಮೇಲೆಯೇ ಗೊತ್ತಾಗುವುದು.

ಓದುತ್ತಿರುವವರಲ್ಲಿ ಅರ್ಧಕ್ಕರ್ಧ ಜನ ಇಷ್ಟೊತ್ತಿಗೆ "ನಂದು ಆಪರೇಷನ್ ಆಗೇತಲ್ಲ" ಅಂದುಕೊಂಡಿರುತ್ತಾರೆ. ಹೌದು. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ನಮ್ಮ ಕಡೆ ಎರಡನೆಯ ಹೆರಿಗೆಯ ಜೊತೆಗೇ ಮುಗಿಸಿಬಿಡುವ ರೂಢಿ. ಅವರಿಗೆ ಬೇರೆ ಗರ್ಭನಿರೋಧಕ ಬೇಕಿಲ್ಲ. ಎಚ್‌ಆರ್‌ಟಿಗೂ ಆ ಆಪರೇಷನ್‌ಗೂ ಸಂಬಂಧವಿಲ್ಲ. ಗಂಡನಿಗೆ ಆಗಿದ್ದರೂ ಸರಿ, ಆದರೆ ಎಷ್ಟು ಮನೆಯಲ್ಲಿ ಆಗಿರುತ್ತದೆ ಹೇಳಿ! ಗರ್ಭಕೋಶವನ್ನೇ ತೆಗೆಸಿದವರಿಗೆ ಈ ಚಿಂತೆಯೇ ಇಲ್ಲ. ಒಳಪದರವೇ ಇಲ್ಲವಾದ್ದರಿಂದ ಅವರಿಗೆ ಸಾಮಾನ್ಯವಾಗಿ ಈಸ್ಟ್ರೋಜೆನ್ ಒಂದೇ ಸಾಕು.

ಇನ್ನುಳಿದವರು ಏನು ಬಳಸಬೇಕು ಅನ್ನುವುದಕ್ಕೆ ಬರೋಣ. ನನ್ನ ಒಲವು ಮುಚ್ಚಿಡುವುದಿಲ್ಲ: ಎಚ್‌ಆರ್‌ಟಿ ತೆಗೆದುಕೊಳ್ಳುವವರಿಗೆ ಹಾರ್ಮೋನ್ ಇರುವ ವಂಕಿಯಷ್ಟು ಹೊಂದುವುದು ಬೇರೊಂದಿಲ್ಲ. ನೋಡಲು ಕಾಪರ್ ಟಿ ಹಾಗೆಯೇ, ಇಂಗ್ಲಿಷಿನ ಟಿ ಅಕ್ಷರದ ಆಕಾರ. ತಾಮ್ರದ ತಂತಿ ಇರಬೇಕಾದ ಕಾಂಡದಲ್ಲಿ 52 ಮಿಲಿಗ್ರಾಂ ಲೆವೊನಾರ್‌ಜೆಸ್ಟ್ರೆಲ್ ತುಂಬಿರುತ್ತದೆ. ಅದು ದಿನಕ್ಕಿಷ್ಟು ಅಂತ ಗರ್ಭಕೋಶದೊಳಗೇ ಜಿನುಗುತ್ತದೆ. ಮಿರೆನಾ ಎಂಬ ಹೆಸರು ಕೇಳಿರುತ್ತೀರಿ. ಇದೊಂದು ಹಾಕಿಸಿಕೊಂಡರೆ ಗರ್ಭವೂ ನಿಲ್ಲುವುದಿಲ್ಲ, ಎಚ್‌ಆರ್‌ಟಿಯ ಎರಡನೇ ಗುಳಿಗೆಯೂ ಬೇಡ, ಯಾಕೆಂದರೆ ಒಳಪದರ ಕಾಯುವ ಕೆಲಸವನ್ನು ಅದೇ ಮಾಡುತ್ತದೆ. ಈಸ್ಟ್ರೋಜೆನ್ ಗುಳಿಗೆಯೋ ಜೆಲ್ಲೋ ಒಂದನ್ನು ಮುಂದುವರಿಸಿದರಾಯಿತು. ಈ ವಯಸ್ಸಿನಲ್ಲಿ ಬಹಳ ಹೆಂಗಸರನ್ನು ಹಿಂಡುವ ವಿಪರೀತ ರಕ್ತಸ್ರಾವವೂ ತಗ್ಗುತ್ತದೆ. ಬೆಲೆ ಮಾತ್ರ ಜಾಸ್ತಿ.

ಇದರಲ್ಲಿ ಎರಡು ಗಡುವು ಇರುವುದನ್ನು ಮರೆಯಬಾರದು. 45 ಆದ ಮೇಲೆ ಹಾಕಿಸಿಕೊಂಡಿದ್ದರೆ ಗರ್ಭ ತಡೆಯಲು ಅದು 55ರವರೆಗೂ ಸಾಕಾಗುತ್ತದೆ. ಆದರೆ ಎಚ್‌ಆರ್‌ಟಿಯ ಜೊತೆ ಒಳಪದರ ಕಾಯಲು ಐದೇ ವರ್ಷ. ಆಮೇಲೆ ಬದಲಿಸಲೇಬೇಕು.

ಕಾಪರ್ ಟಿ ಕೂಡ ಒಳ್ಳೆಯದೇ. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಹಾಕುತ್ತಾರೆ. 40 ದಾಟಿದ ಮೇಲೆ ಹಾಕಿಸಿಕೊಂಡದ್ದನ್ನು ಮುಟ್ಟು ನಿಲ್ಲುವವರೆಗೂ ಬಿಡಬಹುದು, ಹತ್ತು ವರ್ಷಕ್ಕೇ ತೆಗೆಸಬೇಕೆಂದಿಲ್ಲ. ವೈನಿಯದು 37ಕ್ಕೆ ಹಾಕಿದ್ದರಿಂದ ಆ ರಿಯಾಯಿತಿ ಸಿಗಲಿಲ್ಲ. ಮೊದಲೇ ಸ್ರಾವ ಜಾಸ್ತಿ ಇರುವವರಿಗೆ ತಾಮ್ರ ಅದನ್ನು ಇನ್ನಷ್ಟು ಹೆಚ್ಚಿಸಬಹುದು, ಅಷ್ಟು ನೋಡಿಕೊಳ್ಳಿ.

ಮಾಲಾ-ಎನ್ ಥರದ ಜೋಡಿ ಗುಳಿಗೆಯನ್ನು ಎಚ್‌ಆರ್‌ಟಿಯ ಮೇಲೆ ನುಂಗಬೇಡಿ. ಈಸ್ಟ್ರೋಜೆನ್ ಮೇಲೆ ಈಸ್ಟ್ರೋಜೆನ್ ಆಗುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಬೇಕಿದ್ದರೆ ಒಂದರ ಬದಲು ಇನ್ನೊಂದು. 50 ಆಗದ, ಬಿಪಿ ಇಲ್ಲದ, ಬೀಡಿ-ಸಿಗರೇಟು ಸೇದದ, ಕಣ್ಣು ಮಂಜಾಗಿ ಬರುವ ಅರೆತಲೆನೋವು ಇಲ್ಲದ ಹೆಂಗಸಿಗೆ ಎಚ್‌ಆರ್‌ಟಿ ಬದಲು ಗರ್ಭನಿರೋಧಕ ಗುಳಿಗೆಯನ್ನೇ ಕೊಟ್ಟು ಎರಡೂ ಕೆಲಸ ಮಾಡಿಸುವ ಡಾಕ್ಟರುಗಳಿದ್ದಾರೆ. 50ಕ್ಕೆ ಅದನ್ನು ನಿಲ್ಲಿಸಬೇಕು. ಮೂರು ತಿಂಗಳಿಗೊಮ್ಮೆ ಚುಚ್ಚುವ ಅಂತರಾ ಇಂಜೆಕ್ಷನ್‌ಗೂ 50ರ ಗಡಿಯೇ, ಅದು ಮೂಳೆಯ ಸಾಂದ್ರತೆ ಇಳಿಸುವುದರಿಂದ. ವಾರಕ್ಕೊಂದು ನುಂಗುವ ಛಾಯಾ ಗುಳಿಗೆ ಸ್ವತಃ ಈಸ್ಟ್ರೋಜೆನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಎಚ್‌ಆರ್‌ಟಿ ಜೊತೆ ಅದನ್ನು ನಿಮ್ಮಷ್ಟಕ್ಕೆ ನೀವೇ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ.

ಕಾಂಡೋಮ್ ಬಗ್ಗೆ ನಮ್ಮಲ್ಲಿ ಮಾತೇ ಇಲ್ಲ. ಅದನ್ನು ತಯಾರಿಸುವ ಕಾರ್ಖಾನೆ ಪಕ್ಕದ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲೇ ಇದೆ, ಆದರೂ ಅಂಗಡಿಯಲ್ಲಿ ಕೇಳುವಾಗ ಎಲ್ಲರ ದನಿ ಗಂಟಲಲ್ಲೇ ಉಳಿಯುತ್ತದೆ. ಪ್ರತಿ ಸಲವೂ ಬಿಡದೆ ಬಳಸಿದರೆ ಈ ವಯಸ್ಸಿನ ಜೋಡಿಗೆ ಅದು ಸಾಕಾಗಬಹುದು. ರೋಗಗಳನ್ನು ತಡೆಯುವುದೂ ಅದೊಂದೇ. ಆದರೆ ಒಣಗಿದ್ದಕ್ಕೆ ಅಂತ ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಂಡೋಮಿನ ರಬ್ಬರು ಸಡಿಲಾಗಿ ಹರಿಯುತ್ತದೆ. ಯೋನಿಗೆ ಹಚ್ಚುವ ಕೆಲವು ಈಸ್ಟ್ರೋಜೆನ್ ಕ್ರೀಮುಗಳಿಂದಲೂ ಹಾಗಾಗಬಹುದು. ನೀರಿನಂಶದ ಜೆಲ್ ಬಳಸಿ.

ಓಣಿಯ ಆ ಹಿರಿಯರ ನಗುವಿಗೂ ಒಂದು ಮಾತು. 45 ದಾಟಿದ ಮೇಲೆ ಗರ್ಭ ನಿಲ್ಲುವುದು ಕಡಿಮೆ, ನಿಂತದ್ದರಲ್ಲಿ ಅರ್ಧದಷ್ಟಾದರೂ ಇಳಿದುಹೋಗುತ್ತವೆ. ಹಾಗಂತ ಇಲ್ಲವೇ ಇಲ್ಲ ಅಂತಲ್ಲ. ನಿಂತು ಬೆಳೆದರೆ ಬಿಪಿ, ಸಕ್ಕರೆ ಏರುವುದು ಹೆಚ್ಚು. 45ನೇ ವಯಸ್ಸಿಗೆ ಡೌನ್ ಸಿಂಡ್ರೋಮ್ ಮಗು ಹುಟ್ಟುವ ಸಾಧ್ಯತೆ ಸುಮಾರು 30ಕ್ಕೆ ಒಂದು. 40 ಆಗುವ ಮೊದಲೇ ಅಂಡಾಶಯ ಸೋತು ಎಚ್‌ಆರ್‌ಟಿ ಶುರುವಾದವರಂತೂ ಇನ್ನೂ ಎಚ್ಚರವಾಗಿರಬೇಕು. ಅವರಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿಗೆ ಗರ್ಭ ತಾನಾಗಿಯೇ ನಿಲ್ಲುತ್ತದೆ.

ಸುಸ್ತು, ಎದೆ ಬಿಗಿತ, ಹೊಟ್ಟೆ ತೊಳಸುವುದು, ಮುಟ್ಟು ತಪ್ಪುವುದು. ಇದು ಬಸಿರಿನ ಲಕ್ಷಣವೂ ಹೌದು, ಮುಟ್ಟು ನಿಲ್ಲುವ ಲಕ್ಷಣವೂ ಹೌದು. ಮನಸ್ಸಿನಲ್ಲಿ ಹುಳ ಬಿಟ್ಟುಕೊಂಡು ಕೂರುವುದಕ್ಕಿಂತ ಅಂಗಡಿಯಲ್ಲಿ ಸಿಗುವ ಮೂತ್ರಪರೀಕ್ಷೆಯ ಕಿಟ್ ತಂದು ನೋಡಿ. ಎಚ್‌ಆರ್‌ಟಿಯಿಂದ ಅದರ ಫಲಿತಾಂಶ ಕೆಡುವುದಿಲ್ಲ. ಅನುಮಾನದ ರಾತ್ರಿಯಿಂದ ಮೂರು ವಾರ ಕಳೆದ ಮೇಲೆ ನೋಡಿದರೆ ಉತ್ತರ ಖಚಿತ. ಮೂರು ದಿನದೊಳಗೇ ನೆನಪಾದರೆ ತುರ್ತು ಗುಳಿಗೆ ಇದೆ, ಈ ವಯಸ್ಸಿನವರೂ ತೆಗೆದುಕೊಳ್ಳಬಹುದು. ಎರಡು ಗೆರೆ ಬಂದರೆ ಎಚ್‌ಆರ್‌ಟಿ ನಿಲ್ಲಿಸಿ ಬೇಗ ಡಾಕ್ಟರ ಹತ್ತಿರ ಹೋಗಿ. ವಂಕಿ ಇದ್ದವರು, ಆಪರೇಷನ್ ಆದವರು ಇನ್ನೂ ಬೇಗ, ಯಾಕೆಂದರೆ ಗರ್ಭ ನಾಳದಲ್ಲಿ ನಿಂತಿರಬಹುದು. ಬೇಡವಾದ ಗರ್ಭವನ್ನು ತೆಗೆಸಲು 1971ರ ಕಾನೂನೇ ದಾರಿ ಮಾಡಿದೆ. 2021ರ ತಿದ್ದುಪಡಿಯಲ್ಲಿ ಗರ್ಭನಿರೋಧಕ ಕೈಕೊಟ್ಟಿತು ಅನ್ನುವ ಕಾರಣ ಮದುವೆಯಾದವರು, ಆಗದವರು ಎಲ್ಲರಿಗೂ ಅನ್ವಯಿಸುತ್ತದೆ. 20 ವಾರದವರೆಗೆ ಒಬ್ಬ ಡಾಕ್ಟರ ಒಪ್ಪಿಗೆ ಸಾಕು. ಪ್ರಾಪ್ತ ವಯಸ್ಸಿನ ಹೆಂಗಸಿಗೆ ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ.

ವೈನಿ ಆ ದಿನ ಎಲ್ಲ ಕೇಳಿಸಿಕೊಂಡು, ಗುಳಿಗೆ ಪಟ್ಟಿಗಳನ್ನು ಮತ್ತೆ ಪರ್ಸಿಗೆ ಹಾಕಿಕೊಂಡು, "ಡಾಕ್ಟರು ಬರೇ 'ಹಾಕಿಸ್ಕೋರಿ' ಅಂದ್ರು. ಯಾಕ ಅಂತ ಹೇಳಿದ್ರ ನಾ ಅಂಗಡಿಯಾವನ್ನ ಯಾಕ ಕೇಳ್ತಿದ್ದೆ?" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳು ಕಿಟ್‌ನಲ್ಲಿ ಒಂದೇ ಗೆರೆ ನೋಡಿಕೊಂಡು ಹೋಗಿ ಹಾರ್ಮೋನ್ ವಂಕಿ ಹಾಕಿಸಿಕೊಂಡರು. ಈಗ ದಿನಾ ಒಂದೇ ಗುಳಿಗೆ. ದೀಪಾವಳಿಗೆ ಗದಗಿಗೆ ಹೋದಾಗ ನೋಡಿದೆ: ಆ ವಂಕಿಯ ಕಾರ್ಡು ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿತ್ತು. ಮೇಲೆ ಕೆಂಪು ಪೆನ್ನಿನಲ್ಲಿ ಎರಡು ಇಸವಿ ಬರೆದಿದ್ದರು, ಒಂದು ಐದು ವರ್ಷದ್ದು, ಇನ್ನೊಂದು ತಮಗೆ 55 ತುಂಬುವುದು. ಯಾವುದು ಯಾತಕ್ಕೆ ಅಂತ ಮಾತ್ರ ಬರೆದಿರಲಿಲ್ಲ. ಅಣ್ಣ ಓದಿದರೆ ಅಂತ ಇರಬೇಕು.